ರಾಹುಕಾಲದಲ್ಲಿ ನಿಂತುಹೋದ ಪತ್ರ

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅವರು ಹೋಗಿ ಎರಡು ವಾರವಾದ ಮೇಲೆ. ಕುವೆಂಪುನಗರದ ತರಕಾರಿ ಅಂಗಡಿಯ ಮುಂದೆ, ಹಿಂದೆ ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಹೇಳಿದಳು: "ನಮ್ ಕಂಪ್ಯೂಟರ್ ಮೇಷ್ಟ್ರು ಹೋಗ್ಬುಟ್ರಂತೆ ಕಣೇ. ಅದೇ, ಆ ಟೈಲರಮ್ಮನ ರಿಪೋರ್ಟ್ ಕಳಿಸ್ದೆ ಬುಟ್ಟಿದ್ರಲ್ಲ, ಅವರು."

ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಯಾರೆಂದು ನನಗೆ ಗುರುತು ಹತ್ತಲಿ ಎಂದು ಹೇಳಿದಳು, ಅಷ್ಟೆ. ಮೂವತ್ತು ವರ್ಷ ಈ ಊರಿನವರಿಗೆ ಬೆರಳು ಹಿಡಿದು ಟೈಪಿಂಗ್ ಕಲಿಸಿದ, ಪತ್ರದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಊಟ ಸೇರದ ಮನುಷ್ಯನಿಗೆ ಕೊನೆಗೆ ಉಳಿದ ಗುರುತು ಇದು. ನಾನು ಕೈಯಲ್ಲಿದ್ದ ಬದನೆಕಾಯಿಯನ್ನು ಸುಮ್ಮನೆ ತಿರುವಿ ತಿರುವಿ ನೋಡಿದೆ. ಆ ರಿಪೋರ್ಟ್ ಹೋಗದೆ ಉಳಿದದ್ದು ನನ್ನಿಂದ. ಅದು ಮೇಷ್ಟ್ರಿಗೆ ಗೊತ್ತಿತ್ತು, ಲ್ಯಾಬಿನ ಡಾಕ್ಟರಿಗೆ ಗೊತ್ತಿತ್ತು, ನನಗಂತೂ ಗೊತ್ತೇ ಇತ್ತು. ಗೊತ್ತಾಗಬೇಕಾದವರಿಗೆ ಮಾತ್ರ ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

ಈಗ ಹೇಳುತ್ತೇನೆ. ಆದರೆ ಅವರು ಎಂಥವರು ಎಂದು ಹೇಳದೆ ಬರೀ ಆ ತಪ್ಪನ್ನು ಹೇಳಿದರೆ ಮತ್ತೆ ಅವರನ್ನು ಅದಕ್ಕೇ ಗಂಟು ಹಾಕಿದ ಹಾಗಾಗುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಪಿಯುಸಿ ಮುಗಿಸಿ ಟೈಪಿಂಗಿಗೆ ಸೇರಿದಾಗ. ಅಗ್ರಹಾರದ ಒಂದು ಗಲ್ಲಿಯಲ್ಲಿ ಕೆಳಗೆ ಗ್ರಂಧಿಗೆ ಅಂಗಡಿ, ಮೇಲೆ ಅವರ ಇನ್‌ಸ್ಟಿಟ್ಯೂಟು. ಹತ್ತು ಮೆಷಿನ್ನುಗಳ ಸದ್ದಿಗೆ ಕೆಳಗಿನ ಅಂಗಡಿಯ ಅರಿಸಿನ ಕುಂಕುಮದ ಡಬ್ಬಗಳು ಅಲುಗುತ್ತಿದ್ದವು. ಹಣೆಗೆ ಮೂರು ಗೆರೆ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಅದು ಅಚ್ಚಿನ ಅಕ್ಷರಗಳಿಗೆ ಮೆತ್ತಿಕೊಂಡ ಶಾಯಿ ಉಜ್ಜುವುದಕ್ಕೆ. ನಾವು ಕೂತು ಕುಟ್ಟುತ್ತಿದ್ದರೆ ಅವರು ಹಿಂದೆ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಮೊದಲ ವಾರ ಮನಸ್ಸಿಗೆ ಬಂದ ಹಾಗೆ ಕುಟ್ಟಿದೆ.

"ಮೂರನೇ ಮೆಷಿನ್ನು. ಕಿರುಬೆರಳು ಕೆಲಸ ಮಾಡ್ತಿಲ್ಲ, ಉಂಗುರದ ಬೆರಳಲ್ಲಿ ಹೊಡೀತಿದ್ದೀಯ," ಎಂದರು ಕಣ್ಣು ತೆಗೆಯದೆ.

ತಪ್ಪು ಯಾವುದೆಂದು ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಬೈಯುತ್ತಿರಲಿಲ್ಲ. ಆದರೆ ತಪ್ಪಿದ ಅಕ್ಷರದ ಮೇಲೆ ಇನ್ನೊಂದು ಅಕ್ಷರ ಹೊಡೆದು ಮುಚ್ಚುವುದಕ್ಕೆ ಬಿಡುತ್ತಿರಲಿಲ್ಲ. ಹಾಳೆ ಕೀಳಬೇಕು, ಹೊಸದು ಹಾಕಬೇಕು. ನಾನು ಗೊಣಗಿದರೆ, "ನಿನ್ನ ನಾಲಿಗೆಗಿರೋ ಸ್ಪೀಡು ಬೆರಳಿಗಿದ್ದಿದ್ರೆ ಸೀನಿಯರ್ ಪರೀಕ್ಷೇಲಿ ರಾಜ್ಯಕ್ಕೇ ಮೊದಲು ಬರ್ತಿದ್ದೆ ಕಣಮ್ಮ," ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೂ ಮಾರನೇ ದಿನ ಹೊತ್ತಿಗೆ ಸರಿಯಾಗಿ ಹೋಗಿ ಕೂರುತ್ತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಟೈಪಿಂಗಿಗೆ ಬರುವವರು ನಿಂತೇಹೋದರು. ಮೆಷಿನ್ನುಗಳನ್ನು ಗುಜರಿಯವನು ಬಂದು ತೂಕ ಹಾಕಿಕೊಂಡು ಹೋದ. ಆವತ್ತು ಅಲ್ಲಿದ್ದವರು ಹೇಳಿದ್ದು: ಮೇಷ್ಟ್ರು ಒಂದೊಂದು ಮೆಷಿನ್ನಿಗೂ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಕೊಟ್ಟರಂತೆ. ಗುಜರಿಯವನು ನಕ್ಕನಂತೆ. ಐವತ್ತು ದಾಟಿದ ಮೇಲೆ ಅವರು ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಅವರ ಹಳೆಯ ಶಿಷ್ಯರ ಮಕ್ಕಳು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆ ಪಡುತ್ತಿದ್ದರು. ಇವರು ಮುಂದಿನ ಬೆಂಚಿನಲ್ಲಿ ಕೂತು, ರೂಲ್ ಪುಸ್ತಕದಲ್ಲಿ ಬರೆದುಕೊಂಡು, ಅರ್ಥವಾಗದ್ದನ್ನು ಎರಡೆರಡು ಸಲ ಕೇಳಿ ಕಲಿತರು.

ಹಾಗೆ ಕಲಿತೇ ಅವರು ಕುವೆಂಪುನಗರದ ಲ್ಯಾಬಿಗೆ ಬಂದದ್ದು. ರಕ್ತ, ಮೂತ್ರ, ಗಂಟುಗಳ ತುಣುಕು, ಎಲ್ಲ ಪರೀಕ್ಷೆ ಮಾಡುವ ಖಾಸಗಿ ಲ್ಯಾಬು. ಕಂಪ್ಯೂಟರ್, ರಿಪೋರ್ಟು, ಪತ್ರವ್ಯವಹಾರ ಎಲ್ಲ ಅವರ ಕೈಲಿ. ಆರು ತಿಂಗಳಲ್ಲಿ ಕೆಲಸ ಹೆಚ್ಚಾಗಿ ಇನ್ನೊಬ್ಬರು ಬೇಕು ಎಂದಾಗ ಡಾಕ್ಟರಿಗೆ ನನ್ನ ಹೆಸರು ಹೇಳಿದವರೂ ಅವರೇ. ನಾನು ಆಗ ಎರಡು ಕಡೆ ಕೆಲಸ ಬಿಟ್ಟು ಮನೆಯಲ್ಲಿ ಬೈಸಿಕೊಂಡು ಕೂತಿದ್ದೆ. "ಸ್ವಲ್ಪ ಬಾಯಿ ಜಾಸ್ತಿ ಸರ್, ಕೈ ಚೆನ್ನಾಗಿದೆ," ಎಂದು ಶಿಫಾರಸು ಮಾಡಿದ್ದರಂತೆ. ನನ್ನ ಅನ್ನ ಅವರಿಂದ ಬಂದದ್ದು. ಇದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಲ್ಯಾಬಿನ ಡಾಕ್ಟರು ಕೆಲಸದಲ್ಲಿ ಗಟ್ಟಿಗರು. ಸೂಕ್ಷ್ಮದರ್ಶಕದಲ್ಲಿ ಅವರು ನೋಡಿ ಹೇಳಿದ್ದನ್ನು ಬೆಂಗಳೂರಿನವರೂ ಒಪ್ಪುತ್ತಿದ್ದರು. ಆದರೆ ರಾಹುಕಾಲದಲ್ಲಿ ಒಂದು ರಿಪೋರ್ಟೂ ಲ್ಯಾಬಿನಿಂದ ಹೊರಗೆ ಹೋಗಕೂಡದು. ಅವರನ್ನೊಬ್ಬರನ್ನೇ ಆಡಿಕೊಂಡು ಪ್ರಯೋಜನವಿಲ್ಲ. ರಿಪೋರ್ಟ್ ತೆಗೆದುಕೊಳ್ಳಲು ಬರುವವರೂ ಹಾಗೇ ಇದ್ದರು. ಲಕೋಟೆ ಮುಂದೆ ಚಾಚಿದರೆ, "ಒಂದ್ ಇಪ್ಪತ್ ನಿಮಿಷ ಕೂತ್ಕೋತೀವಿ ಮೇಡಂ, ರಾಹುಕಾಲ ಕಳೀಲಿ," ಎಂದು ಬೆಂಚಿನ ಮೇಲೆ ಕೂರುತ್ತಿದ್ದರು. ಒಳಗಿರುವ ಫಲ ಬದಲಾಗುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಕೂರುತ್ತಿದ್ದರು. ಮೇಷ್ಟ್ರು ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟದವರು, ಆದರೆ ಇದರಲ್ಲಿ ನಂಬಿಕೆ ಇರಲಿಲ್ಲ. "ನಮ್ಮನೇಲಿ ಯಾರೂ ರಾಹುಕಾಲ ಗುಳಿಕಕಾಲ ನೋಡಲ್ಲ ಕಣಮ್ಮ. ಶಿವ ಕೊಟ್ಟ ಹೊತ್ತೆಲ್ಲಾ ಒಂದೇ," ಎನ್ನುತ್ತಿದ್ದರು. ಹಾಗೆಂದು ಡಾಕ್ಟರ ಮುಂದೆ ಎದುರಾಡಿದ್ದನ್ನು ನಾನು ನೋಡಲಿಲ್ಲ.

ರಿಪೋರ್ಟುಗಳನ್ನು ಇ-ಮೇಲಿನಲ್ಲಿ ಕಳಿಸುವ ಕಾಲ ಬಂದಾಗ ಡಾಕ್ಟರಿಗೆ ಚಿಂತೆ ಹತ್ತಿತು. ಲಕೋಟೆಯನ್ನಾದರೆ ಮೇಜಿನ ಮೇಲೆ ತಡೆದಿಡಬಹುದು, ಇದನ್ನು ತಡೆಯುವುದು ಹೇಗೆ? ಕಂಪ್ಯೂಟರ್ ಬಲ್ಲ ಅವರ ಭಾಮೈದ ಅದಕ್ಕೊಂದು ಉಪಾಯ ಮಾಡಿಕೊಟ್ಟ. ಮೇಲ್ ಪ್ರೋಗ್ರಾಮಿಗೆ ಅಂಟಿಕೊಳ್ಳುವ ಒಂದು ಪುಟ್ಟ ಆಡ್-ಆನ್. ರಾಹುಕಾಲದಲ್ಲಿ ಯಾರಾದರೂ ಪತ್ರ ಕಳಿಸಿದರೆ ಅದನ್ನು ಬೇರೊಂದು ಫೋಲ್ಡರಿನಲ್ಲಿ ಹಿಡಿದಿಟ್ಟುಕೊಂಡು, ರಾಹುಕಾಲ ಮುಗಿದ ಕೂಡಲೇ ತಾನೇ ಬಿಡುತ್ತಿತ್ತು. ಡಾಕ್ಟರಿಗೆ ಭಾಮೈದನ ಮೇಲೆ ಇದ್ದ ಅಭಿಮಾನ ಆವತ್ತು ಇಮ್ಮಡಿಯಾಯಿತು.

ಅದೊಂದೇ ಅಲ್ಲ. ವೈರಸ್ ಹಿಡಿಯುವುದೊಂದು, ಕನ್ನಡ ಅಕ್ಷರಕ್ಕೊಂದು, ಪತ್ರದ ಹಿಂದೆ ಹೂಬಳ್ಳಿ ಬರುವುದಕ್ಕೊಂದು, ಹುಟ್ಟುಹಬ್ಬ ನೆನಪಿಸುವುದಕ್ಕೊಂದು. ಯಾರು ಬಂದು ಏನು ಹೇಳಿದರೂ ಡಾಕ್ಟರು "ಹಾಕಿಬಿಡಿ" ಎನ್ನುತ್ತಿದ್ದರು. ಮೇಷ್ಟ್ರು ಇವನ್ನೆಲ್ಲ ಬಾಲಂಗೋಚಿ ಎಂದು ಕರೆಯುತ್ತಿದ್ದರು. ಒಂದು ದಿನ ಮೇಲ್ ಪ್ರೋಗ್ರಾಂ ತೆರೆದು ಸ್ವಲ್ಪ ಹೊತ್ತಿಗೆ ಪರದೆ ಬೆಳ್ಳಗಾಗಿ, ಕ್ಷಮಿಸಿ ಎಂಬ ಇಂಗ್ಲಿಷ್ ಚೌಕವೊಂದು ಬಂದು, ತಾನಾಗಿ ಮುಚ್ಚಿಕೊಂಡಿತು. ಎರಡು ದಿನ ಬಿಟ್ಟು ಮತ್ತೆ ಅದೇ. ವಾರಕ್ಕೆ ಒಂದೆರಡು ಸಲ ಆಗುತ್ತಿದ್ದದ್ದು ದಿನಕ್ಕೊಂದು ಸಲವಾಯಿತು.

"ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬುಡಿ ಮೇಷ್ಟ್ರೇ, ಒಂದು ಗಂಟೆ ಕೆಲಸ," ಎಂದರು ಡಾಕ್ಟರು.

"ಹಾಕಬೋದು ಸರ್. ಆದ್ರೆ ಕಾಯಿಲೆ ಏನೂಂತ ಗೊತ್ತಾಗಲ್ಲ. ನೀವು ರಿಪೋರ್ಟ್ ನೋಡದೆ ಔಷಧಿ ಕೊಡಿ ಅಂತೀರಾ?"

ಮೇಷ್ಟ್ರು ಮೊದಲು ಒಂದೂ ಬಾಲಂಗೋಚಿ ಇಲ್ಲದೆ ಪ್ರೋಗ್ರಾಮನ್ನು ತೆರೆದರು. ಹಾಗೆ ಬೋಳಾಗಿ ತೆರೆಯುವುದಕ್ಕೆ ಅದರಲ್ಲೇ ಒಂದು ದಾರಿ ಇದೆ. ಒಂದು ದಿನ ಪೂರ್ತಿ ಇಟ್ಟರು. ಮುಚ್ಚಿಕೊಳ್ಳಲಿಲ್ಲ. "ಸರಿ, ಪ್ರೋಗ್ರಾಮಿನದು ತಪ್ಪಿಲ್ಲ," ಎಂದು ಪುಸ್ತಕದಲ್ಲಿ ಬರೆದರು. ಆಮೇಲೆ ಪಟ್ಟಿಯಲ್ಲಿ ಒಂದರ ಮುಂದೆ ಟಿಕ್ ಹಾಕುವುದು, ಒಂದು ದಿನ ನೋಡುವುದು, ಟಿಕ್ ತೆಗೆಯುವುದು, ಮಾರನೇ ದಿನ ಇನ್ನೊಂದಕ್ಕೆ ಹಾಕುವುದು. ಒಂದು ವಾರ ಹೀಗೇ. ಯಾವುದೊಂದನ್ನು ಹಾಕಿದರೂ ಪ್ರೋಗ್ರಾಂ ಚೆನ್ನಾಗಿಯೇ ಇತ್ತು. ನನಗೆ ತಲೆ ಕೆಟ್ಟಿತು. "ಇದಕ್ಕೆ ದೆವ್ವ ಹಿಡಿದಿದೆ ಮೇಷ್ಟ್ರೇ," ಎಂದೆ. ಅವರು ಮರುದಿನದಿಂದ ಎರಡೆರಡು ಸೇರಿಸಿ ಹಾಕಿ ನೋಡಲು ಶುರುಮಾಡಿದರು. ವೈರಸ್ಸಿನದೂ ರಾಹುಕಾಲದ್ದೂ ಒಟ್ಟಿಗೆ ಹಾಕಿದ ದಿನ, ರಾಹುಕಾಲ ಮುಗಿಯುವ ಹೊತ್ತಿಗೆ ಸರಿಯಾಗಿ ಪರದೆ ಬೆಳ್ಳಗಾಯಿತು.

"ಒಬ್ಬೊಬ್ಬರೇ ಇದ್ರೆ ಇಬ್ಬರೂ ಒಳ್ಳೆಯವರೇ ಕಣಮ್ಮ. ಒಂದು ಹೊರಗೆ ಬಿಡೋಕೆ ಹೋಗುತ್ತೆ, ಇನ್ನೊಂದು ನಿಲ್ಲು ತಪಾಸಣೆ ಮಾಡಬೇಕು ಅನ್ನುತ್ತೆ. ಒಂದೇ ಬಾಗಿಲಲ್ಲಿ ಇಬ್ಬರೂ ನಿಂತ್ಕೋತಾರೆ," ಎಂದರು. ಗೆದ್ದ ಸಂತೋಷ ಅವರ ಮುಖದಲ್ಲಿ ಇರಲಿಲ್ಲ. ಡಾಕ್ಟರಿಗೆ ಹೇಗೆ ಹೇಳುವುದು ಎಂಬ ಯೋಚನೆ ಆಗಲೇ ಹತ್ತಿತ್ತು.

ವೈರಸ್ಸಿನದನ್ನು ತೆಗೆಯುವ ಹಾಗಿರಲಿಲ್ಲ. ರಾಹುಕಾಲದ್ದನ್ನು ತೆಗೆಯುತ್ತೇನೆ ಎಂದಾಗ ಡಾಕ್ಟರ ಮುಖ ಸಪ್ಪಗಾಯಿತು. "ಪೂರ್ತಿ ಕಿತ್ತಾಕಬೇಡಿ. ಭಾಮೈದ ಬಂದು ನೋಡ್ತಾನೆ, ಇಲ್ಲಾಂದ್ರೆ ಮನೇಲಿ ರಾದ್ಧಾಂತ. ಟಿಕ್ ತೆಗೆದು ಸುಮ್ನೆ ಇರೋಕೆ ಬಿಡಿ," ಎಂದರು. ಮೇಷ್ಟ್ರು ಆಗಲಿ ಸರ್ ಎಂದು ಟಿಕ್ ಮಾತ್ರ ತೆಗೆದರು. ಅಂದಿನಿಂದ ರಾಹುಕಾಲದ ಹೊತ್ತಿಗೆ ಪತ್ರ ಕಳಿಸದೆ ನಾವೇ ನೋಡಿಕೊಳ್ಳಬೇಕು ಎಂದಾಯಿತು.

ಅದಾಗಿ ಮೂರು ನಾಲ್ಕು ತಿಂಗಳಿಗೆ ಮೇಷ್ಟ್ರ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಎರಡು ವಾರ ರಜ. ಹೋಗುವ ಮುಂಚೆ ನನ್ನನ್ನು ಕೂರಿಸಿಕೊಂಡು, "ಎರಡೇ ಎರಡು ವಿಷಯ. ಆ ಟಿಕ್ ಮುಟ್ಟಬೇಡ. ಪ್ರತಿ ಪತ್ರ ಕಳಿಸಿದ ಮೇಲೆ, ಹೋದ ಪತ್ರಗಳ ಪಟ್ಟಿ ತೆಗೆದು ಕಣ್ಣಾರೆ ನೋಡು," ಎಂದರು. ನಾನು ಹೂಂ ಎಂದೆ. ಇಷ್ಟು ವರ್ಷವಾದ ಮೇಲೂ ಚಿಕ್ಕ ಹುಡುಗಿಗೆ ಹೇಳಿದ ಹಾಗೆ ಹೇಳುತ್ತಾರಲ್ಲ ಎಂದು ಒಳಗೇ ಸಿಡುಕಿದ್ದೂ ನಿಜ.

ಮೊದಲ ಶುಕ್ರವಾರ ಹನ್ನೊಂದು ಗಂಟೆಗೆ ನಾನು ಮರೆತು ಒಂದು ಪತ್ರ ಕಳಿಸಿಬಿಟ್ಟೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಡಾಕ್ಟರು ನೋಡಿದರು. "ಮೇಷ್ಟ್ರಿಲ್ಲಾಂದ್ರೆ ಇಲ್ಲಿ ಹೇಳೋರು ಕೇಳೋರು ಇಲ್ವಾ? ಆ ಟಿಕ್ ಹಾಕ್ಬುಡಮ್ಮ, ಅವರು ಬರೋವರೆಗೆ ಇರಲಿ."

"ಬೇಡ ಅಂದಿದ್ದಾರೆ ಸರ್, ಮೇಷ್ಟ್ರು."

"ಲ್ಯಾಬ್ ನಡೆಸ್ತಿರೋದು ಮೇಷ್ಟ್ರಾ, ನಾನಾ?"

ಹಾಕಿದೆ. ಹಾಕಿದ್ದಕ್ಕೆ ಡಾಕ್ಟರನ್ನು ದೂರಬಹುದು. ಮುಂದಿನದಕ್ಕೆ ಯಾರನ್ನು ದೂರಲಿ? ರಾಹುಕಾಲದ ಹೊತ್ತಿನಲ್ಲಿ ಕಳಿಸುವ ಪತ್ರ ಯಾವುದೂ ಬರದೆ ನಾಲ್ಕು ದಿನ ಏನೂ ಆಗಲಿಲ್ಲ. ಮುದುಕರು ಸುಮ್ಮನೆ ಹೆದರಿಸಿದ್ದಾರೆ ಎಂದು ನನಗೆ ಜಂಬವೂ ಬಂತು. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಡಾಕ್ಟರು ಒಂದು ರಿಪೋರ್ಟ್ ಕೊಟ್ಟು, ಬೆಂಗಳೂರಿನ ಸರ್ಜನ್ನರಿಗೆ ಕಳಿಸು ಎಂದರು. ಅಗ್ರಹಾರದಲ್ಲಿ ಬ್ಲೌಸು ಹೊಲಿಯುವ ಹೆಂಗಸಿನದು. ಎದೆಯಲ್ಲಿ ಗಂಟು. ಫಲಿತಾಂಶ ಕೆಟ್ಟದ್ದು. ಇಂಥದ್ದನ್ನು ರೋಗಿಯ ಕೈಗೆ ಕೊಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಸರ್ಜನ್ನರಿಗೆ ನೇರ ಹೋಗುತ್ತದೆ, ಅವರೇ ಕರೆಸಿ, ಮೆಲ್ಲಗೆ ಹೇಳಿ, ಆಪರೇಷನ್ನಿಗೆ ದಿನ ಕೊಡುತ್ತಾರೆ. ನಾನು ಕಳಿಸುವ ಗುಂಡಿ ಒತ್ತಿದೆ. ಆಡ್-ಆನ್ ಅದನ್ನು ಹಿಡಿದಿಟ್ಟುಕೊಂಡಿತು. ನಾಲ್ಕೂವರೆಗೆ ಪರದೆ ಬೆಳ್ಳಗಾಗಿ ಪ್ರೋಗ್ರಾಂ ಮುಚ್ಚಿಕೊಂಡಿತು.

ಮತ್ತೆ ತೆರೆದೆ. ಕಳಿಸಬೇಕಾದ ಪತ್ರಗಳ ಡಬ್ಬ ಖಾಲಿ ಇತ್ತು. ಖಾಲಿ ಇದೆ ಎಂದರೆ ಹೋಗಿದೆ ಎಂದುಕೊಂಡೆ. ಹೋದ ಪತ್ರಗಳ ಪಟ್ಟಿಯನ್ನು ನೋಡಲಿಲ್ಲ. ಮೇಷ್ಟ್ರು ಬರುವ ಹಿಂದಿನ ಸಂಜೆ, ಅವರಿಗೆ ಗೊತ್ತಾಗಬಾರದೆಂದು, ಟಿಕ್ ತೆಗೆದುಬಿಟ್ಟೆ. ತೆಗೆದ ಕೂಡಲೇ ಅದು ಹಿಡಿದಿಟ್ಟಿದ್ದ ಫೋಲ್ಡರು ಪರದೆಯಿಂದ ಮಾಯವಾಯಿತು, ಒಳಗಿದ್ದ ಪತ್ರದ ಸಮೇತ. ಟಿಕ್ಕನ್ನು ಹಾಗೇ ಬಿಟ್ಟಿದ್ದರೆ ಮೇಷ್ಟ್ರು ಬಂದ ದಿನವೇ ಆ ಪತ್ರ ಅವರ ಕಣ್ಣಿಗೆ ಬೀಳುತ್ತಿತ್ತು. ನಾನು ಮಾಡಿದ ಕೆಲಸಗಳಲ್ಲೆಲ್ಲ ಹೀನವಾದದ್ದು ಇದು.

ಆಕೆ ಎರಡು ಸಲ ಲ್ಯಾಬಿಗೆ ಬಂದಳು. ಮೇಷ್ಟ್ರು ಎರಡು ಸಲವೂ ಒಳಗೆ ಇದ್ದರು, ಕೌಂಟರಿನಲ್ಲಿ ನಾನಿದ್ದೆ. ಮೊದಲ ಸಲ, "ಬೆಂಗಳೂರಿಂದ ಏನೂ ಸುದ್ದಿ ಇಲ್ವಲ್ಲ ಮೇಡಂ?" ಎಂದಳು. ಕಳಿಸಿದ್ದೇವೆ, ಅವರೇ ಕರೆಯುತ್ತಾರೆ ಎಂದೆ. ಎರಡನೇ ಸಲ ಬಂದಾಗ ಮುಖದಲ್ಲಿ ಸಮಾಧಾನ ಇತ್ತು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ಹೊಲಿಗೆ ಮಧ್ಯೆ ಎದ್ದು ಬಂದಿದ್ದಳು.

"ನಮ್ಮೆಜಮಾನ್ರು ಹೇಳ್ತಾರೆ, ಇಷ್ಟು ದಿನ ಕರೀಲಿಲ್ಲಾಂದ್ರೆ ಏನೂ ಇಲ್ಲ ಅಂತಾನೇ ಅರ್ಥ, ಅಂತ. ಹೌದಾ ಮೇಡಂ?"

ಆಕೆಯ ರಿಪೋರ್ಟು ನಾನೇ ಟೈಪು ಮಾಡಿದ್ದು. ಏನಿದೆ ಎಂದು ನನಗೆ ಗೊತ್ತಿತ್ತು. ಪತ್ರ ಹೋಗಿಲ್ಲವೇನೋ ಎಂಬ ಅನುಮಾನ ಎದ್ದಿತು. ಒಳಗೆ ಹೋಗಿ ಪಟ್ಟಿ ತೆಗೆದು ನೋಡಿದ್ದರೆ ಎರಡು ನಿಮಿಷ. ನೋಡಿದರೆ ನಾನು ಟಿಕ್ ಮುಟ್ಟಿದ್ದು ಹೊರಬೀಳುತ್ತದೆ. "ಹಾಗೇ ಇರಬೋದು ಬುಡಿ. ಏನಾದ್ರೂ ಇದ್ದಿದ್ರೆ ಕರೀತಿದ್ರು," ಎಂದೆ. ಆಕೆ ಕೈ ಮುಗಿದು ಹೋದಳು. ನನಗೆ ಕೈ ಮುಗಿದು ಹೋದಳು, ನೋಡಿ.

ರಿಪೋರ್ಟ್ ಬರೆದ ದಿನದಿಂದ ಏಳನೇ ವಾರಕ್ಕೆ ಆಕೆಯ ಗಂಡ ಬಂದ. ಮನೆಯಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಅವನದು. ಬೆರಳ ತುಂಬ ಒಣಗಿದ ಗೋಂದು. ಆಕೆಗೆ ತೋಳು ಎತ್ತಲಾಗುತ್ತಿರಲಿಲ್ಲ. ತಾವೇ ಬೆಂಗಳೂರಿಗೆ ಹೋಗಿ ವಿಚಾರಿಸಿದರೆ, ಅಲ್ಲಿ ರಿಪೋರ್ಟೇ ಬಂದಿಲ್ಲ ಎಂದಿದ್ದರು.

ಡಾಕ್ಟರು, ನಾನು, ಆ ಗಂಡ ನಿಂತು ನೋಡುತ್ತಿದ್ದ ಹಾಗೆ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತರು. ಹೋದ ಪತ್ರಗಳ ಪಟ್ಟಿಯಲ್ಲಿ ಇರಲಿಲ್ಲ. ಎಲ್ಲ ಬಾಲಂಗೋಚಿಗಳನ್ನೂ ತೆಗೆದರು, ಇರಲಿಲ್ಲ. ಒಂದೊಂದನ್ನೇ ಹಾಕುತ್ತ ಬಂದರು. ಅವರ ಬೆರಳು ರಾಹುಕಾಲದ್ದರ ಹತ್ತಿರ ಬಂತು. ಟಿಕ್ ಹಾಕಿದರು. ಫೋಲ್ಡರು ಕಾಣಿಸಿಕೊಂಡಿತು. ಅದರಲ್ಲಿ ಒಂದೇ ಒಂದು ಪತ್ರ, ಆಕೆಯ ಹೆಸರು, ದಿನ, ಗಂಟೆ, ನಿಮಿಷ. ಆ ದಿನ ಮೇಷ್ಟ್ರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದ ದಿನ.

ಅವರು ಆ ತಾರೀಕನ್ನು ನೋಡಿದರು. ತಿರುಗಿ ನನ್ನನ್ನು ನೋಡಲಿಲ್ಲ. ಡಾಕ್ಟರು ಗೋಡೆ ನೋಡುತ್ತಿದ್ದರು. ನಾನು ಬಾಯಿಬಡುಕಿ, ಎಲ್ಲರಿಗೂ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡವಳು; ಆವತ್ತು ನನ್ನ ಬಾಯಲ್ಲಿ ಒಂದು ಮಾತು ಹೊರಡಲಿಲ್ಲ.

"ತಪ್ಪು ನನ್ನದು. ಇದನ್ನ ನಾನು ತೆಗೆದು ಹಾಕಬೇಕಾಗಿತ್ತು, ಹಾಕಲಿಲ್ಲ," ಎಂದು ಮೇಷ್ಟ್ರು ಆ ಗಂಡನಿಗೆ ಹೇಳಿದರು.

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. "ವಯಸ್ಸಾದೋರು, ಏನ್ ಹೇಳ್ಲಿ ನಿಮಗೆ," ಎಂದು ಹೇಳಿ, ರಿಪೋರ್ಟಿನ ಪ್ರತಿ ಇಸಿದುಕೊಂಡು ಹೊರಟುಹೋದ. ಮೇಷ್ಟ್ರು ಅಂದೇ ಕೆಲಸ ಬಿಟ್ಟರು. ಡಾಕ್ಟರು ಬಿಡಬೇಡಿ ಎನ್ನಲಿಲ್ಲ.

ಮೆಟ್ಟಿಲ ಹತ್ತಿರ ನಾನು ಅವರನ್ನು ಹಿಡಿದುಕೊಂಡು, "ಮೇಷ್ಟ್ರೇ, ಅದು ನಾನು..." ಎಂದೆ. ಮುಂದೆ ಹೇಳಲು ಬಿಡಲಿಲ್ಲ. "ನೀನು ಹಾಕಿದ್ದೂ ಗೊತ್ತು, ಯಾರು ಹಾಕಿಸಿರ್ತಾರೆ ಅನ್ನೋದೂ ಗೊತ್ತು. ಅದು ಬೇರೆ. ಎರಡೂ ಜೊತೆಗಿದ್ರೆ ಅಪಾಯ ಅಂತ ಕಂಡುಹಿಡಿದೋನು ನಾನು. ಕಂಡುಹಿಡಿದ ಮೇಲೂ ಒಬ್ಬರ ಮುಖ ನೋಡಿ ಅದನ್ನ ಅಲ್ಲೇ ಇರೋಕೆ ಬಿಟ್ಟೆ. ಕಿತ್ತು ಹಾಕಿದ್ರೆ ನಿನ್ನ ಕೈಗೆ ಸಿಗ್ತಿತ್ತಾ?" ಎಂದು ಚಪ್ಪಲಿ ಮೆಟ್ಟಿಕೊಂಡರು. ನನ್ನನ್ನು ಉಳಿಸುವುದಕ್ಕೆ ಹೇಳಿದ ಮಾತು ಅದು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಹಾಗಲ್ಲ. ಅವರು ಅದನ್ನು ನಿಜವಾಗಿ ನಂಬಿದ್ದರು. ಅವರ ಪಾಲಿನ ತಪ್ಪನ್ನು ಅವರು ಎತ್ತಿಕೊಂಡು ಹೋದರು, ನನ್ನ ಪಾಲಿನದು ನನ್ನ ಹತ್ತಿರವೇ ಉಳಿಯಿತು. ಹೊರಗಿನವರಿಗೆ ಕಂಡದ್ದು ಅವರದು ಮಾತ್ರ.

ಅವರ ಕುರ್ಚಿ ನನಗೆ ಬಂತು. ಸಂಬಳವೂ ಹೆಚ್ಚಾಯಿತು. ಆಕೆಗೆ ಆಪರೇಷನ್ ಆಯಿತು, ಔಷಧಿ ಕೊಟ್ಟರು. ಮುಂದಿನ ವರ್ಷ ದಸರಾ ದೀಪಗಳನ್ನು ಕಟ್ಟುತ್ತಿದ್ದ ದಿನಗಳಲ್ಲಿ ತೀರಿಕೊಂಡಳು. ಏಳು ವಾರ ಮುಂಚೆ ಹೋಗಿದ್ದರೆ ಬದುಕುತ್ತಿದ್ದಳೇ? ಡಾಕ್ಟರು ಹೇಳಲಾಗದು ಎನ್ನುತ್ತಿದ್ದರು. ಆ ಹೇಳಲಾಗದು ಎಂಬುದನ್ನೇ ಹಿಡಿದುಕೊಂಡು ನಾನು ಇಷ್ಟು ವರ್ಷ ಊಟ ಮಾಡಿದ್ದೇನೆ, ಮದುವೆ ಮನೆಗಳಿಗೆ ಹೋಗಿದ್ದೇನೆ, ಬೆಟ್ಟ ಹತ್ತಿ ಚಾಮುಂಡಿಗೆ ಹಣ್ಣುಕಾಯಿ ಮಾಡಿಸಿದ್ದೇನೆ. ಮೇಷ್ಟ್ರ ಮನೆ ಕಡೆಗೆ ಮಾತ್ರ ತಲೆ ಹಾಕಲಿಲ್ಲ. ಅಗ್ರಹಾರದಲ್ಲಿ ಕೆಲಸವಿದ್ದರೆ ಆ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಸಾವಿನ ಸುದ್ದಿ ಕೇಳಿದ ಮಾರನೇ ದಿನ ಹೋದೆ. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಗುರುತು ಹಿಡಿದರು. ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟು, ಟಿಕ್ ಹಾಕಿದ್ದರಿಂದ ಹಿಡಿದು ಆಕೆಗೆ ಸುಳ್ಳು ಹೇಳಿದವರೆಗೆ ಎಲ್ಲ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟರು. ಸಮಾಧಾನ ಮಾಡಲಿಲ್ಲ.

"ಇದನ್ನ ನನಗ್ಯಾಕಮ್ಮ ಹೇಳ್ತೀಯ? ಅವರ ಮೇಲೆ ನಾನು ಯಾವತ್ತೂ ಅನುಮಾನ ಪಡ್ಲಿಲ್ಲ," ಎಂದರು ಕೊನೆಗೆ. "ಹೇಳೋ ಮನೆ ಬೇರೆ ಇದೆ. ಏಳು, ಇಲ್ಲೇ ಎರಡು ಬೀದಿ."

ನನಗೆ ಧೈರ್ಯವಿಲ್ಲ ಎಂದೆ. "ಧೈರ್ಯ ಬರೋವರೆಗೆ ಕಾದ್ರೆ ಆ ಟೈಲರಮ್ಮನ ಗಂಡನೂ ಹೋಗ್ಬುಡ್ತಾನೆ," ಎಂದು ಅವರು ಸೆರಗು ಹೊದ್ದು ಮುಂದೆ ನಡೆದರು. ನಾನು ಹಿಂದೆ ಹೋದೆ.

ಆ ಗಂಡ ಜಗಲಿಯ ಮೇಲೆ ಕೂತು ಪುಸ್ತಕವೊಂದಕ್ಕೆ ದಾರ ಹಾಕುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಷ್ಟ್ರ ಹೆಂಡತಿಯನ್ನು ಕಂಡು ಎದ್ದು ನಿಂತ. ನಾನು ಯಾರೆಂದು ಹೇಳಿಕೊಂಡೆ. ಬೀದಿಯಲ್ಲೇ ನಿಂತು ಎಲ್ಲ ಹೇಳಿದೆ, ಈ ಸಲ ಅಳದೆ. ಆವತ್ತು ನಿಮ್ಮ ಹೆಂಡತಿ ಕೇಳಿದಾಗ ನನಗೆ ರಿಪೋರ್ಟಿನಲ್ಲಿ ಏನಿದೆ ಎಂದು ಗೊತ್ತಿತ್ತು, ಗೊತ್ತಿದ್ದೂ ಏನೂ ಇಲ್ಲ ಎಂದು ಕಳಿಸಿದೆ ಎಂದೆ. ರಿಪೋರ್ಟ್ ಕಳಿಸಿದ ದಿನ ಮೇಷ್ಟ್ರು ಲ್ಯಾಬಿನಲ್ಲೇ ಇರಲಿಲ್ಲ ಎಂದೂ ಹೇಳಿದೆ.

ಅವನು ಸೂಜಿಯನ್ನು ಪುಸ್ತಕದ ಬೆನ್ನಿಗೆ ಚುಚ್ಚಿ ಪಕ್ಕಕ್ಕಿಟ್ಟ. ಬೈಗುಳಕ್ಕೆ ಕಾದು ನಿಂತೆ. ಅವನು ನನ್ನ ಕಡೆ ನೋಡಲೇ ಇಲ್ಲ. ಮೇಷ್ಟ್ರ ಹೆಂಡತಿಯ ಕಡೆ ತಿರುಗಿದ.

"ಪ್ರತಿ ಸೋಮವಾರ ಬರೋರು ಕಣಮ್ಮ. ಅವಳು ಇದ್ದಾಗ್ಲೂ ಬರೋರು, ಹೋದ್ಮೇಲೂ ಬರೋರು. ಹಣ್ಣು ತಂದು ಇಲ್ಲಿ ಜಗಲಿ ಮೇಲೆ ಇಟ್ಟು ನಿಂತ್ಕೊಳ್ಳೋರು. ನಾನು ಬಾಗಿಲು ಹಾಕ್ಕೊಳ್ತಿದ್ದೆ."

ಮೇಷ್ಟ್ರ ಹೆಂಡತಿ ಗೊತ್ತಪ್ಪ ಎಂದರು. ಅವನು ಕೈಯ ಗೋಂದನ್ನು ಪಂಚೆಗೆ ಉಜ್ಜಿಕೊಳ್ಳುತ್ತಲೇ ಇದ್ದ.

"ಕಡೇ ಸೋಮವಾರ ಭಾಳ ಏದುಸಿರು ಬಿಡ್ತಿದ್ರು. ಒಂದು ಲೋಟ ನೀರು ಕೊಡಪ್ಪ ಅಂದ್ರು," ಎಂದ. "ಕೊಡ್ಲಿಲ್ಲ."